ದೂರು ಮೇಲಕ್ಕೆ ಹೋಯಿತು, ಹೊರಗೆ ಹೋಗಲಿಲ್ಲ

2001ರ ಫೆಬ್ರವರಿ, ಒಂದು ಶುಕ್ರವಾರ ರಾತ್ರಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಪೆನ್ ಸ್ಟೇಟ್ ವಿಶ್ವವಿದ್ಯಾಲಯ. ಮೈಕ್ ಮೆಕ್ವೆರಿ ಎಂಬ ಯುವಕ ಹೊಸ ಶೂಗಳನ್ನು ಲಾಕರಿನಲ್ಲಿ ಇಟ್ಟು ಬರಲು ಫುಟ್‌ಬಾಲ್ ತಂಡದ ಕಟ್ಟಡಕ್ಕೆ ಹೋಗುತ್ತಾನೆ. ಹಿಂದೆ ಅದೇ ತಂಡದಲ್ಲಿ ಆಡಿದವನು, ಆಗ ಕೋಚ್‌ಗಳಿಗೆ ಸಹಾಯಕ. ಶವರ್ ಕಡೆಯಿಂದ ಸದ್ದು ಕೇಳುತ್ತದೆ. ನೋಡಿದರೆ ತಂಡದ ಮಾಜಿ ಕೋಚ್ ಜೆರ್ರಿ ಸ್ಯಾಂಡಸ್ಕಿ, ಜೊತೆಗೆ ಒಬ್ಬ ಚಿಕ್ಕ ಹುಡುಗ. ನಡೆಯುತ್ತಿರುವುದು ಲೈಂಗಿಕ ದೌರ್ಜನ್ಯ ಎಂದು ಅನಿಸಿ ಮೆಕ್ವೆರಿ ಗಾಬರಿಯಾಗಿ ಮೊದಲು ಅಪ್ಪನಿಗೆ ಹೇಳುತ್ತಾನೆ. ಮರುದಿನ ಬೆಳಿಗ್ಗೆ ಹೆಡ್ ಕೋಚ್ ಜೋ ಪಟರ್ನೊ ಮನೆಗೆ ಹೋಗಿ ಹೇಳುತ್ತಾನೆ. ಪಟರ್ನೊ ಕ್ರೀಡಾ ನಿರ್ದೇಶಕ ಟಿಮ್ ಕರ್ಲಿಗೆ ಹೇಳುತ್ತಾರೆ. ವಿಷಯ ಉಪಾಧ್ಯಕ್ಷ ಗ್ಯಾರಿ ಶುಲ್ಟ್ಸ್‌ಗೆ, ಅಲ್ಲಿಂದ ವಿಶ್ವವಿದ್ಯಾಲಯದ ಅಧ್ಯಕ್ಷ ಗ್ರಹಾಂ ಸ್ಪ್ಯಾನಿಯರ್‌ವರೆಗೆ ಹೋಗುತ್ತದೆ.

ಗಮನಿಸಿ, ಯಾರೂ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಒಬ್ಬೊಬ್ಬರೂ ತಮಗಿಂತ ಮೇಲಿನವರಿಗೆ ಹೇಳಿದರು. ಆದರೆ ಪೊಲೀಸರಿಗಾಗಲಿ, ಮಕ್ಕಳ ರಕ್ಷಣಾ ಇಲಾಖೆಗಾಗಲಿ ಒಬ್ಬರೂ ಫೋನ್ ಮಾಡಲಿಲ್ಲ. ಆ ಹುಡುಗ ಯಾರು, ಎಲ್ಲಿಯವನು, ಈಗ ಹೇಗಿದ್ದಾನೆ ಎಂದು ಹುಡುಕಲು ಯಾರೂ ಹೊರಡಲಿಲ್ಲ.

ನಂತರ ಸಿಕ್ಕ ಇಮೇಲ್‌ಗಳು ಇದಕ್ಕಿಂತ ಜಾಸ್ತಿ ನೋವು ಕೊಡುತ್ತವೆ. ಮಕ್ಕಳ ರಕ್ಷಣಾ ಇಲಾಖೆಗೆ ತಿಳಿಸೋಣ ಎಂದು ಮೊದಲು ಮಾತಾಗಿತ್ತು. ಆಮೇಲೆ ಕರ್ಲಿ ಬರೆಯುತ್ತಾರೆ: ಇನ್ನೊಮ್ಮೆ ಯೋಚಿಸಿದೆ, ನಿನ್ನೆ ಜೋ ಜೊತೆಗೂ ಮಾತಾಡಿದೆ, ಮೊದಲು ಅಂದುಕೊಂಡ ದಾರಿ ಯಾಕೋ ಸರಿಬರುತ್ತಿಲ್ಲ, ನೇರವಾಗಿ ಸ್ಯಾಂಡಸ್ಕಿ ಜೊತೆಯೇ ಮಾತಾಡುತ್ತೇನೆ. ಸ್ಪ್ಯಾನಿಯರ್ ಅದಕ್ಕೆ ಒಪ್ಪಿ, ಅವನು ಮಾತು ಕೇಳದೆ ಹೋದರೆ ಮುಂದೆ ವರದಿ ಮಾಡಲಿಲ್ಲವೆಂದು ನಾವೇ ಸಿಕ್ಕಿಹಾಕಿಕೊಳ್ಳಬಹುದು, ಇರುವ ತೊಂದರೆ ಅದೊಂದೇ ಎಂಬ ಅರ್ಥದಲ್ಲಿ ಉತ್ತರಿಸುತ್ತಾರೆ. ತೊಂದರೆ ಎಂದು ಅವರು ಎಣಿಸಿದ್ದು ಸಂಸ್ಥೆಯ ತೊಂದರೆಯನ್ನು. ಆ ಲೆಕ್ಕದಲ್ಲಿ ಹುಡುಗ ಬರಲೇ ಇಲ್ಲ.

ಕೊನೆಗೆ ಸ್ಯಾಂಡಸ್ಕಿಗೆ ಹೇಳಿದ್ದಿಷ್ಟೇ: ಇನ್ನು ಹುಡುಗರನ್ನು ಕ್ಯಾಂಪಸ್ಸಿಗೆ ಕರೆದುಕೊಂಡು ಬರಬೇಡಿ. ಅವನ ಬಳಿ ಕಟ್ಟಡದ ಕೀ ಹಾಗೇ ಉಳಿಯಿತು. ಬಡ ಮಕ್ಕಳಿಗಾಗಿ ಅವನೇ 1977ರಲ್ಲಿ ಕಟ್ಟಿದ ಸೇವಾಸಂಸ್ಥೆಯ ಮೂಲಕ ಹುಡುಗರ ಸಹವಾಸವೂ ಮುಂದುವರಿಯಿತು. 2001ರ ನಂತರವೂ ಮಕ್ಕಳು ಅವನ ಕೈಗೆ ಸಿಕ್ಕರು. 2011ರ ನವೆಂಬರ್‌ನಲ್ಲಿ ಬಂಧನವಾಯಿತು. 2012ರ ಜೂನ್‌ನಲ್ಲಿ ಜ್ಯೂರಿ 48 ಆರೋಪಗಳಲ್ಲಿ 45ರಲ್ಲಿ ಅವನು ತಪ್ಪಿತಸ್ಥ ಎಂದಿತು. ಆಗ ಆದ ಶಿಕ್ಷೆ 30ರಿಂದ 60 ವರ್ಷ.

ಅಷ್ಟೇ ಅಲ್ಲ. 1998ರಲ್ಲೇ ಒಬ್ಬ ತಾಯಿ ದೂರು ಕೊಟ್ಟಿದ್ದರು. ಮಗ ಒದ್ದೆ ತಲೆಯಲ್ಲಿ ಮನೆಗೆ ಬಂದದ್ದನ್ನು ನೋಡಿ ಆಕೆಗೆ ಅನುಮಾನ ಬಂತು. ಕ್ಯಾಂಪಸ್ ಪೊಲೀಸರು ಆಕೆಯ ಮನೆಯಲ್ಲೇ ಮರೆಯಲ್ಲಿದ್ದು ಅವನ ಮಾತು ಕೇಳಿಸಿಕೊಂಡರು. ತಪ್ಪಾಯಿತು, ಸತ್ತುಹೋಗಬೇಕು ಅನಿಸುತ್ತಿದೆ ಎಂದು ಅವನೇ ಆ ತಾಯಿಗೆ ಹೇಳಿದ. ಆದರೂ ಅಲ್ಲಿನ ಜಿಲ್ಲಾ ಪ್ರಾಸಿಕ್ಯೂಟರ್ ಕೇಸು ಹಾಕಲಿಲ್ಲ. ಮರುವರ್ಷ ಅವನು ಗೌರವದಿಂದ ನಿವೃತ್ತನಾದ.

ಇಂಥ ಹಗರಣ ಬಯಲಾದಾಗಲೆಲ್ಲ ವಿಶ್ವವಿದ್ಯಾಲಯಗಳು ಮೊದಲು ಹೇಳುವ ಮಾತು, ನಮಗೆ ಗೊತ್ತಿರಲಿಲ್ಲ ಅಂತ. ಒಂದೊಂದೇ ಕೇಸಿನ ಕಾಗದ ಓದುತ್ತಾ ಹೋದರೆ ಈ ಮಾತು ನಿಲ್ಲುವುದಿಲ್ಲ. ಹೇಳಿದವರು ಇದ್ದರು, ಎಲ್ಲ ಕಡೆಯೂ ಇದ್ದರು. ಹದಿನಾರು ವರ್ಷದ ಹುಡುಗಿ ಹೇಳಿದ್ದಳು, ಕುಸ್ತಿಪಟು ಹೇಳಿದ್ದ, ಕೋಚ್ ಹೇಳಿದ್ದರು, ಅಮ್ಮ ಹೇಳಿದ್ದರು. ದೂರು ಒಳಗೊಳಗೇ ಮೇಲಕ್ಕೆ ಹೋಯಿತು, ಹೊರಗೆ ಹೋಗಲಿಲ್ಲ. ಮನೆ ಮಾತು ಬೀದಿಗೆ ಬರಬಾರದು ಅಂತೀವಲ್ಲ, ಅದೇ ಬುದ್ಧಿ, ಸಾವಿರಾರು ಕೋಟಿ ವಹಿವಾಟಿನ ಸಂಸ್ಥೆಗಳಲ್ಲಿ.

ಯಾಕೆ ಹೀಗೆ? ಪೆನ್ ಸ್ಟೇಟ್ ಇರುವ ಊರಿನ ಹೆಸರೇ ಸ್ಟೇಟ್ ಕಾಲೇಜ್. ಊರಿನ ಜನಸಂಖ್ಯೆ ಸುಮಾರು 40 ಸಾವಿರ. ಅಲ್ಲಿನ ಸ್ಟೇಡಿಯಂನಲ್ಲಿ ಕೂರುವವರು ಒಂದು ಲಕ್ಷಕ್ಕಿಂತ ಜಾಸ್ತಿ. ನಮ್ಮ ಚಿನ್ನಸ್ವಾಮಿಯಲ್ಲಿ ಹಿಡಿಸುವ ಜನರ ಎರಡೂವರೆ ಪಟ್ಟು, ಅದೂ ಕಾಲೇಜು ಹುಡುಗರ ಆಟಕ್ಕೆ. (ಇದು ನಾವು ಆಡುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್.) ಆಟದ ದಿನ ಹೋಟೆಲು, ಅಂಗಡಿ, ಪಾರ್ಕಿಂಗ್ ಎಲ್ಲವೂ ತಂಡದ ಮೇಲೆ ನಿಂತಿರುತ್ತವೆ. ಹಳೇ ವಿದ್ಯಾರ್ಥಿಗಳ ದೇಣಿಗೆ ಬರುವುದೂ ತಂಡದ ಮೇಲಿನ ಅಭಿಮಾನದಿಂದಲೇ. ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರಲ್ಲಿ ಅತಿ ಹೆಚ್ಚು ಸಂಬಳ ಗವರ್ನರ್‌ಗೂ ಇಲ್ಲ, ಕುಲಪತಿಗೂ ಇಲ್ಲ, ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್‌ಗೆ. ಹೀಗಿರುವಾಗ ಕೋಚ್ ಯಾರ ಮಾತು ಕೇಳಬೇಕು, ಯಾರು ಕೋಚ್ ಮಾತು ಕೇಳುತ್ತಾರೆ ಎಂಬುದು ಕಾಗದದ ಮೇಲಿರುವಂತೆ ನಡೆಯುವುದಿಲ್ಲ. ಪಟರ್ನೊ ಅವರನ್ನು ಟ್ರಸ್ಟಿಗಳು 2011ರ ನವೆಂಬರ್ 9ರ ರಾತ್ರಿ ತೆಗೆದುಹಾಕಿದಾಗ ವಿದ್ಯಾರ್ಥಿಗಳು ಬೀದಿಗಿಳಿದು ಟಿವಿ ವಾಹನವೊಂದನ್ನು ಮಗುಚಿ ಹಾಕಿದರು. ಆ ಸಿಟ್ಟು ಮಕ್ಕಳಿಗಾದ ಅನ್ಯಾಯದ ಮೇಲಲ್ಲ, ಕೋಚ್‌ನ ಕೆಲಸ ಹೋಯಿತಲ್ಲಾ ಎಂದು.

ಇನ್ನೊಂದು ಕಾರಣ ಕಾನೂನಿನಲ್ಲೇ ಇದೆ, ಇದನ್ನು ಜನ ಮಾತಾಡುವುದು ಕಡಿಮೆ. ಅಮೆರಿಕದಲ್ಲಿ ಟೈಟಲ್ ನೈನ್ ಎಂಬ 1972ರ ಕಾನೂನು ಇದೆ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಲಿಂಗದ ಆಧಾರದ ಮೇಲೆ ತಾರತಮ್ಯ ಕೂಡದು ಎನ್ನುತ್ತದೆ, ಲೈಂಗಿಕ ಕಿರುಕುಳವೂ ಅದರೊಳಗೆ ಬರುತ್ತದೆ. ಆದರೆ ಸಂಸ್ಥೆಯಿಂದ ಪರಿಹಾರ ಸಿಗಬೇಕಾದರೆ, ಕ್ರಮ ಕೈಗೊಳ್ಳುವ ಅಧಿಕಾರ ಇದ್ದವರಿಗೆ ವಿಷಯ ನಿಜವಾಗಿ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದರು ಎಂದು ತೋರಿಸಬೇಕು. 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ನಿಯಮ ಇದು. ಈಗ ಸಂಸ್ಥೆಯ ವಕೀಲರ ಜಾಗದಲ್ಲಿ ನಿಂತು ನೋಡಿ. ಮೇಲಿನವರಿಗೆ ಬರಹದಲ್ಲಿ ವಿಷಯ ತಲುಪಿದಷ್ಟೂ ಅಪಾಯ ಜಾಸ್ತಿ. ಗಾಳಿಮಾತಾಗಿ ಕೆಳಗೇ ಉಳಿದರೆ ಕ್ಷೇಮ. ಮಕ್ಕಳನ್ನು ಕಾಪಾಡಬೇಕಾದ ಕಾನೂನು, ತಿಳಿಯದೆ ಇರುವುದಕ್ಕೆ ಬಹುಮಾನ ಕೊಡುವ ಹಾಗಾಯಿತು.

ಈಗ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬನ್ನಿ. ಲ್ಯಾರಿ ನಾಸರ್ ಹೆಸರು ಬಹಳ ಜನ ಕೇಳಿದ್ದೀರಿ. ಅಮೆರಿಕದ ಒಲಿಂಪಿಕ್ ಜಿಮ್ನಾಸ್ಟ್‌ಗಳಿಗೆ ಡಾಕ್ಟರ್ ಆಗಿದ್ದವನು, ಈ ವಿಶ್ವವಿದ್ಯಾಲಯದ ಉದ್ಯೋಗಿಯೂ ಆಗಿದ್ದ. 1997ರಲ್ಲಿಯೇ ಇಬ್ಬರು ಹುಡುಗಿಯರು ಅಲ್ಲಿನ ಜಿಮ್ನಾಸ್ಟಿಕ್ಸ್ ಕೋಚ್‌ಗೆ ಹೇಳಿದ್ದೆವು ಎಂದಿದ್ದಾರೆ. ಅವರಲ್ಲೊಬ್ಬರಾದ ಲಾರಿಸ್ಸಾ ಬಾಯ್ಸ್‌ಗೆ ಆಗ ವಯಸ್ಸು ಹದಿನಾರು. ಕೋಚ್ ನಂಬಲಿಲ್ಲ, ವಿಷಯ ನಾಸರ್‌ಗೇ ತಲುಪಿತು ಎಂದು ಬಾಯ್ಸ್ ಹೇಳುತ್ತಾರೆ. ಹಾಗೆಂದು ಯಾರೂ ತನಗೆ ಹೇಳಲೇ ಇಲ್ಲ ಎಂಬುದು ಆ ಕೋಚ್ ಮಾತು.

ಆದರೆ ನನ್ನನ್ನು ಹೆಚ್ಚು ಕಾಡುವುದು 2014. ಯಾಕೆಂದರೆ ಆ ಸಲ ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು. ಆಗಷ್ಟೇ ಓದು ಮುಗಿಸಿದ್ದ ಅಮಂಡಾ ಥೊಮಾಶೋ ಸೊಂಟದ ನೋವಿಗೆ ನಾಸರ್ ಬಳಿ ಹೋದರು. ಅವನು ನಡೆದುಕೊಂಡ ರೀತಿ ಚಿಕಿತ್ಸೆಯಲ್ಲ ಎಂದು ಅವರಿಗೆ ಗೊತ್ತಾಯಿತು. ದೂರು ಕೊಟ್ಟರು. ವಿಶ್ವವಿದ್ಯಾಲಯ ತನಿಖೆಯನ್ನೂ ನಡೆಸಿತು. ತನಿಖೆಯಲ್ಲಿ ಒಂದು ಪ್ರಶ್ನೆ ಬಂತು: ಇದು ವೈದ್ಯಕೀಯವಾಗಿ ಸರಿಯಾದ ಚಿಕಿತ್ಸೆಯೇ? ತಜ್ಞರನ್ನು ಕೇಳಬೇಕಾಯಿತು. ಕೇಳಿದ್ದು ಯಾರನ್ನು? ನಾಲ್ಕು ಜನರನ್ನು, ನಾಲ್ವರೂ ಅದೇ ವಿಶ್ವವಿದ್ಯಾಲಯದವರು, ನಾಸರ್ ಪರಿಚಯದವರು. ಇದು ಚಿಕಿತ್ಸೆಯೇ ಎಂದು ಅವರು ಹೇಳಿದರು. ದೂರು ಬಿದ್ದುಹೋಯಿತು.

ಎರಡು ವರದಿ ತಯಾರಾದವು. ಒಂದು ದೂರು ಕೊಟ್ಟ ಥೊಮಾಶೋಗೆ: ನಿಮ್ಮ ಮೇಲೆ ಕಿರುಕುಳ ಆಗಿಲ್ಲ. ಇನ್ನೊಂದು ವಿಶ್ವವಿದ್ಯಾಲಯದ ಒಳಗೆ. ಅದರಲ್ಲಿ ಒಂದಿಷ್ಟು ಹೆಚ್ಚಿಗೆ ಬರೆದಿತ್ತು: ಇವನು ಮಾಡುವ ರೀತಿಯಿಂದ ರೋಗಿಗಳಿಗೆ ಅನಾವಶ್ಯಕ ಆಘಾತವಾಗಬಹುದು, ನಮಗೂ ಕಾನೂನಿನ ತೊಡಕು ಬರಬಹುದು. ಆ ಸಾಲುಗಳು ಅವರ ಕೈಗೆ ಸಿಗಲಿಲ್ಲ. ಏನೋ ತಪ್ಪಿದೆ ಎಂದು ಸಂಸ್ಥೆಗೆ ಅನಿಸಿತ್ತು, ಅದನ್ನು ತನ್ನವರಿಗೆ ಹೇಳಿಕೊಂಡಿತು, ನೊಂದವರಿಗೆ ಹೇಳಲಿಲ್ಲ.

ನಂತರ ಡೀನ್ ವಿಲಿಯಂ ಸ್ಟ್ರ್ಯಾಂಪಲ್ ಕೆಲವು ಷರತ್ತು ಹಾಕಿದರು. ಸೂಕ್ಷ್ಮ ಜಾಗದ ಚಿಕಿತ್ಸೆ ಮಾಡುವಾಗ ಕೋಣೆಯಲ್ಲಿ ಇನ್ನೊಬ್ಬರು ಇರಬೇಕು, ನೇರವಾಗಿ ಮುಟ್ಟುವುದು ಆದಷ್ಟು ಕಡಿಮೆ ಇರಬೇಕು, ಇತ್ಯಾದಿ. ಅವನು ಅದನ್ನು ಪಾಲಿಸುತ್ತಿದ್ದಾನೆಯೇ ಎಂದು ಯಾರೂ ನೋಡಲಿಲ್ಲ. ಕ್ಯಾಂಪಸ್ ಪೊಲೀಸರ ತನಿಖೆ ಇನ್ನೂ ಮುಗಿದೇ ಇರಲಿಲ್ಲ, ಅವನು ಮತ್ತೆ ರೋಗಿಗಳನ್ನು ನೋಡಲು ಶುರುಮಾಡಿದ್ದ. 2016ರವರೆಗೂ ನೋಡಿದ. ಆ ಎರಡು ವರ್ಷದಲ್ಲಿ ಆ ಕೋಣೆಯೊಳಗೆ ಹೋದ ಹುಡುಗಿಯರ ಬಗ್ಗೆ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನನ್ನ ಮಗಳು ನಾಲ್ಕು ವರ್ಷ ಈಜು ತರಬೇತಿಗೆ ಹೋಗುತ್ತಿದ್ದಳು. ನಾನು ಪೂಲ್ ಪಕ್ಕದ ಬೆಂಚಿನ ಮೇಲೆ ಬ್ಯಾಗ್, ಟವೆಲ್ ಹಿಡಿದು ಕೂತಿರುತ್ತಿದ್ದೆ. ಅಲ್ಲೇ ಇದ್ದೇನಲ್ಲ, ಏನೂ ಆಗದು ಎಂಬ ಧೈರ್ಯ. ನಾಸರ್ ಕೇಸು ಓದಿದ ಮೇಲೆ ಆ ಧೈರ್ಯ ಹೋಯಿತು. ಎಷ್ಟೋ ಸಲ ಹುಡುಗಿಯ ಅಮ್ಮ ಅದೇ ಕೋಣೆಯಲ್ಲೇ ಕೂತಿರುತ್ತಿದ್ದರು. ಅವನು ಅಮ್ಮನ ಕಣ್ಣಿಗೆ ಅಡ್ಡವಾಗಿ ನಿಂತು, ಅಮ್ಮನ ಜೊತೆ ಮಾತಾಡುತ್ತಲೇ ಮಗಳ ಮೇಲೆ ಕೈ ಇಡುತ್ತಿದ್ದ. ಆ ಅಮ್ಮಂದಿರು ನಂತರ ಕೋರ್ಟಿನಲ್ಲಿ ನಿಂತು ಅತ್ತಿದ್ದನ್ನು ನೋಡಿದ್ದೇನೆ. ತಪ್ಪು ಅವರದ್ದಲ್ಲ. ಆದರೂ ಆ ಭಾರ ಹೊತ್ತವರು ಅವರೇ.

ಕೊನೆಗೆ ಇದನ್ನು ಒಡೆದದ್ದು ಯಾರು? ಇಂಡಿಯಾನಾಪೊಲಿಸ್ ಸ್ಟಾರ್ ಎಂಬ ಪತ್ರಿಕೆ. 2016ರ ಆಗಸ್ಟಿನಲ್ಲಿ ಅದು ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆ ದೂರುಗಳನ್ನು ಹೇಗೆ ಮೂಲೆಗೆ ಹಾಕುತ್ತಿತ್ತು ಎಂದು ಬರೆಯಿತು. ಅದನ್ನು ಓದಿದ ರೇಚಲ್ ಡೆನ್‌ಹಾಲಂಡರ್ ಪತ್ರಿಕೆಗೆ ಇಮೇಲ್ ಕಳಿಸಿದರು: ನನ್ನ ಮೇಲೆ ಹೀಗೆ ಮಾಡಿದ್ದು ಕೋಚ್ ಅಲ್ಲ, ಡಾಕ್ಟರ್. ಅಷ್ಟರಲ್ಲಿ ಅವರೇ ವಕೀಲೆ ಆಗಿದ್ದರು. ಹಳೆಯ ವೈದ್ಯಕೀಯ ದಾಖಲೆಗಳನ್ನೆಲ್ಲ ಜೋಡಿಸಿಕೊಂಡು ಪೊಲೀಸರ ಬಳಿ ಹೋದರು. ಈ ಸಲ ಕ್ಯಾಂಪಸ್ ಪೊಲೀಸ್‌ನಲ್ಲಿದ್ದ ಡಿಟೆಕ್ಟಿವ್ ಆಂಡ್ರಿಯಾ ಮನ್‌ಫರ್ಡ್ ಅವರ ಮಾತನ್ನು ನಂಬಿದರು, ಬಿಡದೆ ಕೆಲಸ ಮಾಡಿದರು. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಅದೇ ಹೊತ್ತಿನಲ್ಲಿ ಡೀನ್ ಸ್ಟ್ರ್ಯಾಂಪಲ್ ನಾಸರ್‌ಗೆ ಇಮೇಲ್ ಬರೆದದ್ದು: ಒಳ್ಳೆಯದಾಗಲಿ, ನಾನು ನಿನ್ನ ಕಡೆ ಇದ್ದೇನೆ.

2018ರ ಜನವರಿಯಲ್ಲಿ ನ್ಯಾಯಾಧೀಶೆ ರೋಸ್‌ಮೇರಿ ಅಕ್ವಿಲೀನಾ ಅವರ ಕೋರ್ಟಿನಲ್ಲಿ ಏಳು ದಿನ, ನಾಸರ್‌ನಿಂದ ನೊಂದವರ 156 ಹೇಳಿಕೆಗಳು. ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು. ಮಾತಾಡುವವರ ಪಟ್ಟಿ ಮೊದಲು ಚಿಕ್ಕದಿತ್ತು, ದಿನ ಕಳೆದಂತೆ ಬೆಳೆಯುತ್ತಾ ಹೋಯಿತು. ಒಬ್ಬಳ ಮಾತು ಕೇಳಿ ಇನ್ನೊಬ್ಬಳಿಗೆ ಧೈರ್ಯ ಬಂತು. ಅದೇ ವಾರ ವಿಶ್ವವಿದ್ಯಾಲಯದ ಟ್ರಸ್ಟಿಯೊಬ್ಬರು ರೇಡಿಯೋದಲ್ಲಿ, ಈ ನಾಸರ್ ವಿಷಯಕ್ಕಿಂತ ಇಲ್ಲಿ ಎಷ್ಟೋ ಬೇರೆ ಕೆಲಸ ನಡೆಯುತ್ತಿದೆ ಎಂಬಂತೆ ಮಾತಾಡಿದರು. ಅಧ್ಯಕ್ಷೆ ಲೂ ಆನಾ ಸೈಮನ್ ರಾಜೀನಾಮೆ ಕೊಟ್ಟರು. ದುರಂತಗಳು ರಾಜಕೀಯವಾದಾಗ ದೂಷಣೆ ತಪ್ಪಿದ್ದಲ್ಲ ಎಂದು ಆ ಪತ್ರದಲ್ಲಿ ಬರೆದರು. ಮಧ್ಯಂತರ ಅಧ್ಯಕ್ಷರಾಗಿ ಬಂದವರು ಮಿಶಿಗನ್‌ನ ಮಾಜಿ ಗವರ್ನರ್ ಜಾನ್ ಎಂಗ್ಲರ್. ನೊಂದವರಲ್ಲಿ ಕೆಲವರು ಪ್ರಚಾರದ ಬೆಳಕನ್ನು ಆನಂದಿಸುತ್ತಿದ್ದಾರೆ ಎಂದು ಹೇಳಿ, ಒಂದು ವರ್ಷದೊಳಗೆ ಅವರೂ ಹೋಗಬೇಕಾಯಿತು. ಬಾಯಿ ತಪ್ಪಿ ಬಂದ ಮಾತುಗಳು ಅಂತ ನನಗೆ ಅನಿಸುವುದಿಲ್ಲ. ಒಳಗೆ ಕೂತವರ ಕಣ್ಣಿಗೆ ಇದು ಸಂಸ್ಥೆಗೆ ಬಂದ ಕಷ್ಟವಾಗಿಯೇ ಕಂಡಿತ್ತು, ಕೊನೆಯವರೆಗೂ.

ಹುಡುಗಿಯರಿಗೆ ಮಾತ್ರ ಹೀಗಾಗುತ್ತದೆ ಎಂದುಕೊಂಡಿದ್ದರೆ ಅದೂ ತಪ್ಪು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಟ್ರಾಸ್ ಎಂಬ ಡಾಕ್ಟರ್ 1978ರಿಂದ 1998ರವರೆಗೆ ಕೆಲಸ ಮಾಡಿದ. ಕನಿಷ್ಠ 177 ವಿದ್ಯಾರ್ಥಿಗಳ ಮೇಲೆ ದೌರ್ಜನ್ಯ ಮಾಡಿದ್ದ ಎಂದು 2019ರ ತನಿಖಾ ವರದಿ ಹೇಳಿತು. ಎಲ್ಲರೂ ಗಂಡುಹುಡುಗರು. ಕುಸ್ತಿಪಟುಗಳು ಬಹಳ ಜನ. ಗಟ್ಟಿಮುಟ್ಟಾದ ಆಳು, ಎದುರಾಳಿಯನ್ನು ಎತ್ತಿ ಒಗೆಯುವವನು, ಡಾಕ್ಟರ್ ಕೋಣೆಯಲ್ಲಿ ನನಗೆ ಹೀಗಾಯಿತು ಎಂದು ಹೇಳುವುದು ಹೇಗೆ? ಲಾಕರ್ ರೂಮಿನಲ್ಲಿ ಅದು ತಮಾಷೆಯ ಮಾತಾಯಿತು. ನಕ್ಕು ಮುಚ್ಚಿಕೊಂಡರು. ತಂಡದಲ್ಲಿ ಉಳಿಯಬೇಕಾದರೆ, ಸ್ಕಾಲರ್‌ಶಿಪ್ ಉಳಿಯಬೇಕಾದರೆ ಆ ಡಾಕ್ಟರ್ ತಪಾಸಣೆ ದಾಟಲೇಬೇಕಿತ್ತು.

ಅಲ್ಲೂ ದೂರುಗಳು 1979ರಿಂದಲೇ ಇದ್ದವು. ಫೆನ್ಸಿಂಗ್ (ಕತ್ತಿವರಸೆ) ಕೋಚ್ ಒಬ್ಬರು ಹಟ ಹಿಡಿದು ತಮ್ಮ ಹುಡುಗರಿಂದ ಅವನನ್ನು ದೂರ ಇಡಿಸಿದರು. ಬೇರೆ ತಂಡಗಳಿಗೆ ಅವನೇ ಡಾಕ್ಟರಾಗಿ ಮುಂದುವರಿದ. 1996ರಲ್ಲಿ ವಿದ್ಯಾರ್ಥಿ ಆರೋಗ್ಯ ಕೇಂದ್ರದಿಂದಲೂ ತಂಡಗಳಿಂದಲೂ ತೆಗೆದರು. ಆದರೆ ಪ್ರಾಧ್ಯಾಪಕನ ಹುದ್ದೆ ಹಾಗೇ ಇತ್ತು. ಕ್ಯಾಂಪಸ್ ಹೊರಗೆ ಖಾಸಗಿ ಕ್ಲಿನಿಕ್ ತೆರೆದ. 1998ರಲ್ಲಿ ನಿವೃತ್ತನಾದಾಗ ಎಮೆರಿಟಸ್ ಗೌರವವನ್ನೂ ಕೊಟ್ಟರು. 2005ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ. ಆ ಗೌರವವನ್ನು ಹಿಂದಕ್ಕೆ ಪಡೆದದ್ದು 2019ರಲ್ಲಿ.

ಪಕ್ಕದ ಮಿಶಿಗನ್ ವಿಶ್ವವಿದ್ಯಾಲಯದ ಕಥೆಯೂ ಇದೇ ಅಚ್ಚು. (ಮಿಶಿಗನ್ ಸ್ಟೇಟ್ ಬೇರೆ, ಇದು ಬೇರೆ.) ಡಾಕ್ಟರ್ ರಾಬರ್ಟ್ ಆಂಡರ್ಸನ್, 1966ರಿಂದ 2003. 1980ರ ಹೊತ್ತಿಗೇ ದೂರು ಒಬ್ಬ ಹಿರಿಯ ಅಧಿಕಾರಿಯನ್ನು ತಲುಪಿತ್ತು. ಅವನನ್ನು ಕೆಲಸದಿಂದ ತೆಗೆದೆ ಎಂದು ಆ ಅಧಿಕಾರಿ ಮುಂದೆ ಹೇಳಿದರು. ನಿಜವಾಗಿ ಆದದ್ದು, ಆರೋಗ್ಯ ಕೇಂದ್ರದ ಮುಖ್ಯಸ್ಥನ ಕುರ್ಚಿಯಿಂದ ಇಳಿದು ಅವನು ಕ್ರೀಡಾ ವಿಭಾಗಕ್ಕೆ ಹೋದ. ಮತ್ತೆ ಇಪ್ಪತ್ತು ವರ್ಷ ಆಟಗಾರರನ್ನು ನೋಡಿದ. ನಮಗೆ ಇದು ಹೊಸದಲ್ಲ, ಅಲ್ವಾ? ದೂರು ಬಂದರೆ ವರ್ಗಾವಣೆ. ಊರು ಬದಲಾಗುತ್ತದೆ, ಅವನ ಕೈಗೆ ಸಿಗುವವರು ಬದಲಾಗುತ್ತಾರೆ.

ಇನ್ನು ಒಳಗಿದ್ದುಕೊಂಡೇ ಹೊರಗೆ ಹೇಳಲು ಹೊರಟವರ ಗತಿ ಏನು? ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ಸೇಜ್ ಹಾಪ್ಕಿನ್ಸ್ ಎಂಬ ಈಜು ಕೋಚ್ ಇದ್ದರು. 2009ರಲ್ಲಿ ಅವರ ತಂಡದ 17 ಹುಡುಗಿಯರು ಅಥ್ಲೆಟಿಕ್ ಟ್ರೈನರ್ ಸ್ಕಾಟ್ ಶಾ ಮೇಲೆ ದೂರು ಹೇಳಿದರು. ಟ್ರೈನರ್ ಅಂದರೆ ಗಾಯಕ್ಕೆ ಚಿಕಿತ್ಸೆ ಕೊಡುವವನು. ವಿಶ್ವವಿದ್ಯಾಲಯ ತಾನೇ ವಿಚಾರಿಸಿ, ಇದು ಸರಿಯಾದ ಚಿಕಿತ್ಸೆಯೇ ಎಂದು ಮುಗಿಸಿತು. ಹಾಪ್ಕಿನ್ಸ್ ಬಿಡಲಿಲ್ಲ. ಹತ್ತು ವರ್ಷ ಕಾಗದ ಕೂಡಿಸಿದರು. ಸುಮಾರು 300 ಪುಟದ ಫೈಲು. ಅದನ್ನು ಸಿಕ್ಕಸಿಕ್ಕ ಅಧಿಕಾರಿಗಳಿಗೆಲ್ಲ ಕೊಟ್ಟರು. ಅದಕ್ಕಾಗಿ ತಮ್ಮ ಮೇಲಿನವರಿಂದ ಅವರು ಕಿರುಕುಳ ಅನುಭವಿಸಬೇಕಾಯಿತು. 2021ರಲ್ಲಿ ಅಮೆರಿಕದ ನ್ಯಾಯ ಇಲಾಖೆ, ವಿಶ್ವವಿದ್ಯಾಲಯ ದೂರುಗಳನ್ನು ಸರಿಯಾಗಿ ನೋಡಿಲ್ಲ, ಹೇಳಿದವರ ಮೇಲೆ ಸೇಡು ತೀರಿಸಿಕೊಂಡಿದೆ ಎಂದು ಕಂಡುಕೊಂಡಿತು. ಅಧ್ಯಕ್ಷೆ ರಾಜೀನಾಮೆ ಕೊಟ್ಟರು. ಟ್ರೈನರ್ ತಪ್ಪೊಪ್ಪಿಕೊಂಡು 2023ರಲ್ಲಿ ಎರಡು ವರ್ಷದ ಜೈಲು ಶಿಕ್ಷೆಗೆ ಗುರಿಯಾದ. ಆ 300 ಪುಟಗಳ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಒಬ್ಬ ಕೋಚ್ ದಿನವಿಡೀ ಪೂಲ್ ಪಕ್ಕ ನಿಂತು, ರಾತ್ರಿ ಮನೆಗೆ ಬಂದು ಫೈಲಿಗೆ ಇನ್ನೊಂದು ಹಾಳೆ ಸೇರಿಸುತ್ತಾ ಹತ್ತು ವರ್ಷ ಕಳೆಯುವುದು.

ಶಿಕ್ಷೆ ಕೊಡುವವರ ವಿಷಯಕ್ಕೆ ಬಂದರೆ ಅಲ್ಲೂ ಗೊಂದಲವೇ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ 2012ರಲ್ಲಿ ಪೆನ್ ಸ್ಟೇಟ್‌ಗೆ 6 ಕೋಟಿ ಡಾಲರ್ ದಂಡ ಹಾಕಿತು. ಪಟರ್ನೊ ಕಾಲದ 1998ರಿಂದ ಮುಂದಿನ ಗೆಲುವುಗಳನ್ನು ದಾಖಲೆಯಿಂದ ಅಳಿಸಿತು. ಮೂರು ವರ್ಷ ಕಳೆಯುವ ಮುನ್ನ, 2015ರ ಜನವರಿಯಲ್ಲಿ, ಆ ಗೆಲುವುಗಳನ್ನು ವಾಪಸ್ ಕೊಟ್ಟಿತು. ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಟಗಾರರ ಮೇಲೆ ಅತ್ಯಾಚಾರದ ದೂರುಗಳು ಬಂದಿದ್ದವು. ಕೇಳಬೇಕಾದವರು ಕೇಳಲಿಲ್ಲ. ಮದ್ಯ, ಮದುವೆಗೆ ಮುಂಚಿನ ಸಂಬಂಧ ಎರಡನ್ನೂ ಬೇಡವೆನ್ನುವ ಶಿಸ್ತಿನ ನಿಯಮ ಅಲ್ಲಿತ್ತು. ದೂರು ಕೊಟ್ಟರೆ ತಮ್ಮ ಮೇಲೇ ಶಿಸ್ತುಕ್ರಮ ಬರುತ್ತದೆ ಎಂದು ಹುಡುಗಿಯರು ಹೆದರಿದರು. 2016ರಲ್ಲಿ ಕೋಚ್ ಆರ್ಟ್ ಬ್ರೈಲ್ಸ್ ಹೋದರು, ಅಧ್ಯಕ್ಷ ಕೆನ್ ಸ್ಟಾರ್ ಹುದ್ದೆಯಿಂದ ಇಳಿದರು. ಐದು ವರ್ಷದ ಮೇಲೆ ಎನ್‌ಸಿಎಎ ತೀರ್ಪು ಬಂತು. ಅಲ್ಲಿ ನಡೆದದ್ದು ಒಪ್ಪುವಂಥದ್ದಲ್ಲ, ಆದರೆ ದೂರುಗಳನ್ನು ಮುಂದಕ್ಕೆ ಕಳಿಸದಿರುವುದು ನಮ್ಮ ನಿಯಮಗಳ ಉಲ್ಲಂಘನೆ ಆಗುವುದಿಲ್ಲ ಎಂದಿತು. ಬೇರೆ ಕೆಲವು ತಪ್ಪುಗಳಿಗೆ ನಾಲ್ಕು ವರ್ಷದ ನಿಗಾ, 5,000 ಡಾಲರ್ ದಂಡ. ಆಟಗಾರನಿಗೆ ಪುಕ್ಕಟೆ ಊಟ ಹಾಕಿಸಿದರೆ ಹಿಡಿಯುವಷ್ಟು ಸೂಕ್ಷ್ಮ ನಿಯಮಗಳಿದ್ದ ಸಂಸ್ಥೆ ಅದು. ಅತ್ಯಾಚಾರದ ದೂರನ್ನು ಮುಚ್ಚಿಟ್ಟರೆ ಹಿಡಿಯುವ ನಿಯಮ ಅದರ ಬಳಿ ಇರಲಿಲ್ಲ.

ಪರಿಹಾರದ ಲೆಕ್ಕ ನೋಡಿ. ಮಿಶಿಗನ್ ಸ್ಟೇಟ್ 2018ರಲ್ಲಿ ಒಪ್ಪಿಕೊಂಡದ್ದು 50 ಕೋಟಿ ಡಾಲರ್. ಅದರಲ್ಲಿ 42.5 ಕೋಟಿ ಆಗ ಮುಂದೆ ಬಂದಿದ್ದ 332 ಜನರಿಗೆ. ತಲೆಗೆ ಸರಾಸರಿ ಸುಮಾರು 12.8 ಲಕ್ಷ ಡಾಲರ್. ಮಿಶಿಗನ್ ವಿಶ್ವವಿದ್ಯಾಲಯ 2022ರಲ್ಲಿ 49 ಕೋಟಿ, ಸುಮಾರು 1,050 ಜನರಿಗೆ. ಓಹಾಯೊ ಸ್ಟೇಟ್ ಸುಮಾರು 300 ಜನರಿಗೆ 6 ಕೋಟಿ ಚಿಲ್ಲರೆ, ಅಂದರೆ ತಲೆಗೆ ಎರಡು ಲಕ್ಷದ ಆಸುಪಾಸು. ಮೂರೂ ಕಡೆ ತಂಡದ ಡಾಕ್ಟರೇ, ಮೂರೂ ಕಡೆ ವರ್ಷಗಟ್ಟಲೆ ನಡೆದದ್ದೇ. ಇಷ್ಟು ವ್ಯತ್ಯಾಸ ಯಾಕೆ? ನೋವು ಕಡಿಮೆ ಇತ್ತೆಂದಲ್ಲ. ದಾವೆ ಹೂಡಲು ಕಾಲಮಿತಿ ಎಂಬುದೊಂದಿದೆ. ನಾಸರ್ ಕೇಸಿನ ನಂತರ ಮಿಶಿಗನ್ ರಾಜ್ಯ ಅದನ್ನು ಸಡಿಲಿಸಿತು. ಓಹಾಯೊ ಸಡಿಲಿಸಲಿಲ್ಲ. 2021ರಲ್ಲಿ ಅಲ್ಲಿನ ಜಡ್ಜ್, ದೌರ್ಜನ್ಯ ನಡೆದದ್ದರಲ್ಲಿ ಅನುಮಾನವೇ ಇಲ್ಲ, ಆದರೆ ಕಾಲ ಮೀರಿದೆ ಎಂದು ಕೇಸು ವಜಾ ಮಾಡಿದರು. ಮೇಲಿನ ಕೋರ್ಟ್ ಅದನ್ನು 2022ರಲ್ಲಿ ಮತ್ತೆ ಎತ್ತಿ ನಿಲ್ಲಿಸಿತು. ವಿಶ್ವವಿದ್ಯಾಲಯ ಸುಪ್ರೀಂ ಕೋರ್ಟಿಗೆ ಹೋಯಿತು, 2023ರ ಜೂನ್‌ನಲ್ಲಿ ಅಲ್ಲಿ ಅದರ ಮನವಿಗೆ ಬಾಗಿಲು ಮುಚ್ಚಿತು. ತಪ್ಪಾಯಿತು ಎಂದು ಕ್ಷಮೆ ಕೇಳಿದ ಸಂಸ್ಥೆಯೇ, ನೀವು ತಡವಾಗಿ ಬಂದಿರಿ ಎಂದು ಅದೇ ಜನರ ವಿರುದ್ಧ ಐದು ವರ್ಷ ವಾದ ಮಾಡಿತು.

ಹಣ ಕೊಟ್ಟಿದ್ದು ಸಂಸ್ಥೆ, ಮುಚ್ಚಿಟ್ಟವರಲ್ಲ. ಪೆನ್ ಸ್ಟೇಟ್ ಅಧ್ಯಕ್ಷರಾಗಿದ್ದ ಸ್ಪ್ಯಾನಿಯರ್ ಜೈಲಿನಲ್ಲಿ ಇದ್ದದ್ದು 2021ರಲ್ಲಿ ಎರಡು ತಿಂಗಳು. ಮಿಶಿಗನ್ ಸ್ಟೇಟ್‌ನ ಡೀನ್ ಸ್ಟ್ರ್ಯಾಂಪಲ್‌ಗೆ ಒಂದು ವರ್ಷದ ಶಿಕ್ಷೆ. ಸೈಮನ್ ಮೇಲಿನ ಆರೋಪಗಳು ಕೋರ್ಟಿನಲ್ಲಿ ವಜಾ ಆದವು, ವಿಶ್ವವಿದ್ಯಾಲಯ ಅವರಿಗೆ ನಿವೃತ್ತಿ ಒಪ್ಪಂದದಲ್ಲಿ 24.5 ಲಕ್ಷ ಡಾಲರ್ ಕೊಡಲು ಒಪ್ಪಿತು.

ಏನೂ ಬದಲಾಗಿಲ್ಲವೇ? ಬದಲಾಗಿದೆ. ಪೆನ್ಸಿಲ್ವೇನಿಯಾದಲ್ಲಿ ಆಗಿನ ಕಾನೂನಿನ ಪ್ರಕಾರ, ಸಂಸ್ಥೆಯೊಂದರ ಸಿಬ್ಬಂದಿ ತಮ್ಮ ಮೇಲಿನವರಿಗೆ ಹೇಳಿದರೆ ಸಾಕಿತ್ತು, ಸರ್ಕಾರಕ್ಕೆ ತಿಳಿಸುವುದು ಮೇಲಿನವರ ಕೆಲಸ. ಪಟರ್ನೊ ಕಾನೂನಿನಂತೆ ತಪ್ಪು ಮಾಡಲಿಲ್ಲ ಎಂದು ಅಭಿಮಾನಿಗಳು ಇಂದಿಗೂ ವಾದಿಸುವುದು ಇದೇ ಕಾರಣಕ್ಕೆ. 2014ರಲ್ಲಿ ಆ ಕಾನೂನು ಬದಲಾಯಿತು, ಈಗ ನೇರವಾಗಿ ತಿಳಿಸಲೇಬೇಕು. ಈ ಎಲ್ಲ ಹಗರಣಗಳಿಂದ ಹುಟ್ಟಿದ ಬದಲಾವಣೆಗಳಲ್ಲಿ ನನಗೆ ಅತ್ಯಂತ ಮುಖ್ಯ ಅನಿಸುವುದು ಇದೇ. ದೂರು ಏಣಿ ಹತ್ತುವ ಬದಲು ಬಾಗಿಲಿನಿಂದ ಹೊರಗೆ ಹೋಗಬೇಕು.

ನಮ್ಮಲ್ಲಿ 18 ವರ್ಷದೊಳಗಿನವರ ವಿಷಯದಲ್ಲಿ ಇದು ಮೊದಲೇ ಇದೆ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಪ್ರಿನ್ಸಿಪಾಲ್‌ಗೆ ಹೇಳಿದೆ, ಮ್ಯಾನೇಜ್‌ಮೆಂಟ್‌ಗೆ ಹೇಳಿದೆ ಎಂದರೆ ನಡೆಯುವುದಿಲ್ಲ. ಕ್ರೀಡಾ ಅಕಾಡೆಮಿ ನಡೆಸುವ ಎಷ್ಟು ಜನರಿಗೆ ಇದು ಗೊತ್ತಿದೆ, ನಿಮ್ಮ ಮಗುವಿನ ಕೋಚ್‌ಗೆ ಒಮ್ಮೆ ಕೇಳಿ ನೋಡಿ. ವಯಸ್ಕ ಮಹಿಳೆಯರ ವಿಷಯದಲ್ಲಿ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನವರೊಬ್ಬರು ಇರಬೇಕು. ಆದರೆ ಆ ಹೊರಗಿನವರನ್ನು ಆರಿಸುವುದು ಒಳಗಿನವರೇ. 2023ರಲ್ಲಿ ಕುಸ್ತಿಪಟುಗಳು ಜಂತರ್ ಮಂತರ್‌ನಲ್ಲಿ ಕೂತಾಗ ಗೊತ್ತಾಯಿತಲ್ಲ, ದೇಶದ ಕ್ರೀಡಾ ಫೆಡರೇಶನ್‌ಗಳಲ್ಲಿ ಅರ್ಧದಷ್ಟಕ್ಕೆ ನಿಯಮದ ಪ್ರಕಾರದ ಸಮಿತಿಯೇ ಇರಲಿಲ್ಲ.

ಬೆಂಗಳೂರು, ಮೈಸೂರಿನಿಂದ ಓಹಾಯೊ, ಮಿಶಿಗನ್ ಕಡೆ ಓದಲು ಹೋಗುವ ಮಕ್ಕಳಿದ್ದಾರೆ, ಅವರಿಗಾಗಿ ಒಂದೆರಡು ಮಾತು. ಅಲ್ಲಿ ಟೈಟಲ್ ನೈನ್ ಆಫೀಸು ವಿಶ್ವವಿದ್ಯಾಲಯದ್ದೇ. ಅಲ್ಲಿಗೆ ಹೋಗಿ, ಖಂಡಿತ ಹೋಗಿ. ಆದರೆ ಊರಿನ ಪೊಲೀಸರ ಬಳಿ ಹೋಗುವ ಹಕ್ಕೂ ನಿಮಗಿದೆ, ಒಂದನ್ನು ಮಾಡಿದರೆ ಇನ್ನೊಂದನ್ನು ಮಾಡಬಾರದು ಎಂದೇನಿಲ್ಲ. ಪ್ರೊಫೆಸರ್ ಬಳಿ ಹೇಳಿದರೆ ಅವರು ಮುಂದೆ ವರದಿ ಮಾಡಬೇಕಾಗಬಹುದು. ಗುಟ್ಟಾಗಿ ಮಾತಾಡಬೇಕೆಂದರೆ ಕೌನ್ಸೆಲಿಂಗ್ ಕೇಂದ್ರದ ಆಪ್ತಸಲಹೆಗಾರರ ಬಳಿ ಮೊದಲು ಹೋಗಿ. ವೀಸಾ ಭಯದಿಂದ ಸುಮ್ನೆ ಇರಬೇಡಿ. ದಿನಾಂಕ ಹಾಕಿ ಬರೆದಿಡಿ, ಇಮೇಲ್ ಉಳಿಸಿಕೊಳ್ಳಿ, ಕೊಟ್ಟ ವರದಿಯ ಪೂರ್ತಿ ಪ್ರತಿ ಕೇಳಿ. ಥೊಮಾಶೋ ಕೈಗೆ ಸಿಕ್ಕದ್ದು ಅರ್ಧ ಎಂಬುದನ್ನು ನೆನಪಿಡಿ.

ಮಿಶಿಗನ್ ಸ್ಟೇಟ್ ಪಾಠ ಕಲಿಯಿತೇ? 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಫುಟ್‌ಬಾಲ್ ಕೋಚ್ ಮೆಲ್ ಟಕ್ಕರ್ ಮೇಲೆ ದೂರು ಬಂತು. ಕೊಟ್ಟವರು ಬ್ರೆಂಡಾ ಟ್ರೇಸಿ, ಲೈಂಗಿಕ ದೌರ್ಜನ್ಯದ ವಿರುದ್ಧ ಆಟಗಾರರ ಜೊತೆ ಮಾತಾಡಲು ಅವರನ್ನು ಅದೇ ತಂಡ ಕರೆಸಿತ್ತು. ತಪ್ಪು ಮಾಡಿಲ್ಲ ಎಂದು ಟಕ್ಕರ್ ಹೇಳಿದರು. ಹೊರಗಿನ ತನಿಖಾಧಿಕಾರಿಯನ್ನು ನೇಮಿಸಿದ್ದರು, ಅದು ಹಿಂದಿಗಿಂತ ಒಳ್ಳೆಯದೇ. ಆದರೆ ಕೋಚ್ ಕೆಲಸದಲ್ಲೇ ಇದ್ದರು, ಹೊಸ ಸೀಸನ್ ಕೂಡ ಶುರುವಾಯಿತು. 2023ರ ಸೆಪ್ಟೆಂಬರ್ 10ರಂದು ಯುಎಸ್‌ಎ ಟುಡೇ ಪತ್ರಿಕೆ ಅದನ್ನು ಪ್ರಕಟಿಸಿತು. ಅಮಾನತು ಅದೇ ದಿನ ಆಯಿತು, ತಿಂಗಳ ಕೊನೆಯೊಳಗೆ ವಜಾ.

ಇನ್ನೊಂದು ಸಂಗತಿ ಉಳಿದಿದೆ. ನಾಸರ್ ಕೇಸಿನಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2018ರಲ್ಲಿ ವಿಶ್ವವಿದ್ಯಾಲಯದ ತನಿಖೆ ಶುರುಮಾಡಿ ದಾಖಲೆ ಕೇಳಿತು. ಆರು ಸಾವಿರಕ್ಕೂ ಹೆಚ್ಚು ದಾಖಲೆಗಳನ್ನು, ವಕೀಲರ ಜೊತೆಗಿನ ಗೋಪ್ಯ ವ್ಯವಹಾರ ಎಂದು ಹೇಳಿ ವಿಶ್ವವಿದ್ಯಾಲಯ ಕೊಡಲಿಲ್ಲ. ನೊಂದವರು ಮತ್ತು ಅವರ ಅಪ್ಪ ಅಮ್ಮಂದಿರು ಟ್ರಸ್ಟಿಗಳ ಸಭೆಗೆ ಹೋಗಿ ಹೋಗಿ ಕೇಳಿದರು. ಯಾರಿಗೆ ಯಾವಾಗ ಗೊತ್ತಿತ್ತು ಎಂದಾದರೂ ತಿಳಿಯಲಿ ಎಂದರು. 2021ರಲ್ಲಿ ದಾಖಲೆ ಸಿಗದೆಯೇ ತನಿಖೆ ಮುಚ್ಚಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಟ್ರಸ್ಟಿಗಳು ಕೊನೆಗೂ ಕೊಡಲು ಒಪ್ಪಿದರು. ಅಟಾರ್ನಿ ಜನರಲ್ ಡಾನಾ ನೆಸ್ಸೆಲ್ ಅವರ ತಂಡ ಎಲ್ಲವನ್ನೂ ಓದಿ, 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು: ವಿಶ್ವವಿದ್ಯಾಲಯಕ್ಕೆ ಏನು ಗೊತ್ತಿತ್ತು ಎಂಬ ಬಗ್ಗೆ ಹೊಸದೇನೂ ಇದರಲ್ಲಿ ಸಿಗಲಿಲ್ಲ. ಮುಚ್ಚಿಡುವಂಥದ್ದು ಏನೂ ಇಲ್ಲದ ಕಾಗದಗಳಿಗಾಗಿ ಆ ಹುಡುಗಿಯರನ್ನು ಆರು ವರ್ಷ ಬಾಗಿಲಲ್ಲಿ ಕಾಯಿಸಿದ್ದರು.